ಕೂಗದ ಕೆಲಸ

(ಕಲಿಕಾ ಕೇಂದ್ರದ ಸಂಜೆ ಸಭೆಯಲ್ಲಿ ಆಡಿದ ಮಾತು)

ತಾಯಂದಿರೇ, ಅಕ್ಕ ತಂಗಿಯರೇ,



ದಿನವೆಲ್ಲ ದುಡಿದು ಬಂದಿದ್ದೀರಿ. ಒಲೆ ಆರಿಸಿ, ಕೊಟ್ಟಿಗೆ ಬಾಗಿಲು ಹಾಕಿ ಬಂದಿದ್ದೀರಿ. ಕೆಲವರ ಮಡಿಲಲ್ಲಿ ಮಗು ಮಲಗಿದೆ. ಅದಕ್ಕೇ ನಾವು ದೊಡ್ಡ ಭಾಷಣ ಮಾಡೋದಿಲ್ಲ. ಒಂದೇ ವಿಷಯ ಮಾತಾಡೋಣ. ನಮ್ಮ ಕೆಲಸ, ನಮ್ಮ ಹೊತ್ತು. ಈ ಹೊತ್ತು ಎಲ್ಲಿ ಹೋಗುತ್ತದೆ? ಅದನ್ನು ನಮ್ಮ ಕೈಗೆ ತಂದುಕೊಳ್ಳೋದು ಹೇಗೆ?

ನಾವು ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವವರು. ಸಂಜೆ ಈ ಕೇಂದ್ರಕ್ಕೆ ಬರುವವರು. ಯಾರಾದರೂ ಎರಡು ದಿನ ಬಾರದಿದ್ದರೆ ಮನೆಗೆ ಹೋಗಿ ಕೇಳ್ತೀವಿ. ‘ಯಾಕಮ್ಮ, ಬರಲಿಲ್ಲ?’ ಎಲ್ಲ ಮನೆಯಲ್ಲೂ ಒಂದೇ ಉತ್ತರ. ‘ಟೈಮೇ ಆಗಲಿಲ್ಲ ಮೇಡಂ.’

ಈ ಮಾತು ಸುಳ್ಳಲ್ಲ. ನೆಪವೂ ಅಲ್ಲ. ಇದಕ್ಕೆ ಲೆಕ್ಕವೂ ಇದೆ.

ಹೊತ್ತಿನ ಲೆಕ್ಕ

ನಮ್ಮ ದೇಶದಲ್ಲಿ 2024ರಲ್ಲಿ ಸರ್ಕಾರ ಒಂದು ಸಮೀಕ್ಷೆ ಮಾಡಿತು. ಜನ ದಿನದ ಹೊತ್ತನ್ನು ಯಾವ ಯಾವ ಕೆಲಸಕ್ಕೆ ಕಳೆಯುತ್ತಾರೆ ಎಂದು ಮನೆ ಮನೆಯಲ್ಲಿ ಕೇಳಿತು. ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 289 ನಿಮಿಷ ಅದಕ್ಕೇ ಕೊಡುತ್ತಾರೆ. ಮನೆಗೆಲಸ ಮಾಡುವ ಗಂಡಸರು ಕೊಡುವುದು 88 ನಿಮಿಷ.

ಕಳೆಯೋ ಲೆಕ್ಕ ಕಲಿತಿದ್ದೀರಲ್ಲ, ಮಾಡಿ ನೋಡಿ. 289ರಲ್ಲಿ 88 ಕಳೆದರೆ 201. ಮೂರು ಗಂಟೆಗಿಂತ ಹೆಚ್ಚು. ಇದು ಸಂಬಳ ಇಲ್ಲದ ಕೆಲಸದ ಲೆಕ್ಕ ಮಾತ್ರ. ಕೂಲಿ ಬೇರೆ. ಮಕ್ಕಳನ್ನು, ಮುದುಕರನ್ನು ನೋಡಿಕೊಳ್ಳೋದು ಬೇರೆ.

ಆದ್ದರಿಂದ ಮೊದಲ ಮಾತು ಇದು. ನಮಗೆ ಹೊತ್ತು ಸಾಲದಿರುವುದು ನಾವು ಸೋಮಾರಿಗಳು ಅಂತ ಅಲ್ಲ. ಕೆಲಸ ಹೆಚ್ಚು, ಕೈ ಎರಡೇ. ಯಾರಾದರೂ ‘ಮನೇಲಿ ಕೂತು ಏನು ಮಾಡ್ತೀಯ?’ ಎಂದರೆ ಈ ಅಂಕಿ ಹೇಳಿ. 289.

ಎರಡನೇ ಮಾತು. ಇಷ್ಟು ದುಡಿದರೂ ಕೆಲವು ಮುಖ್ಯ ಕೆಲಸ ಉಳಿದೇ ಹೋಗುತ್ತವೆ. ಯಾಕೆ?

ಕೂಗುವ ಕೆಲಸ, ಕೂಗದ ಕೆಲಸ

ಮನೆಯ ಕೆಲಸದಲ್ಲಿ ಎರಡು ಜಾತಿ. ಒಂದು ಕೂಗುವ ಕೆಲಸ. ಇನ್ನೊಂದು ಕೂಗದ ಕೆಲಸ.

ಹಾಲು ಉಕ್ಕುತ್ತದೆ. ಅದು ಕೂಗುವ ಕೆಲಸ. ಓಡಿ ಹೋಗಿ ಇಳಿಸುತ್ತೀವಿ. ಮಗು ಅಳುತ್ತದೆ, ಎತ್ತಿಕೊಳ್ಳುತ್ತೀವಿ. ಗಂಡ ಊಟಕ್ಕೆ ಕೂತ, ಬಡಿಸುತ್ತೀವಿ. ನಲ್ಲಿಯಲ್ಲಿ ನೀರು ಬಂತು, ಬಿಂದಿಗೆ ತಗೊಂಡು ಓಡುತ್ತೀವಿ. ಇವೆಲ್ಲ ತಾವೇ ನಮ್ಮನ್ನು ಕರೆಯುತ್ತವೆ. ಇವನ್ನು ಯಾರೂ ನೆನಪಿಸಬೇಕಾಗಿಲ್ಲ.

ಕೂಗದ ಕೆಲಸ ಹಾಗಲ್ಲ. ಮಳೆಗೆ ಮುಂಚೆ ಒಡೆದ ಹೆಂಚು ತೆಗೆದು ಬೇರೆ ಹಾಕಿಸಬೇಕು. ಹೆಂಚು ‘ನನ್ನನ್ನು ನೋಡು’ ಎನ್ನೋದಿಲ್ಲ. ಮಗಳ ವಿದ್ಯಾರ್ಥಿವೇತನಕ್ಕೆ ಆದಾಯ ಪತ್ರ ಮಾಡಿಸಬೇಕು. ಪತ್ರ ಮನೆ ಬಾಗಿಲಿಗೆ ಬಂದು ಕೂಗೋದಿಲ್ಲ. ಸಂಘದ ಕಂತಿಗೆ ದುಡ್ಡು ಎತ್ತಿಡಬೇಕು. ಸೌದೆ ಒಣಗಿಸಿ ಒಳಗೆ ಹಾಕಬೇಕು. ಇವು ಮೂಲೆಯಲ್ಲಿ ಸುಮ್ಮನೆ ಕೂತಿರುತ್ತವೆ. ‘ನಾಳೆ ನೋಡೋಣ’ ಎನ್ನುತ್ತೀವಿ.

ಆದರೆ ಕೂಗದ ಕೆಲಸ ಒಂದು ದಿನ ಕೂಗುತ್ತದೆ. ಆಗ ಬಲು ಜೋರಾಗಿ ಕೂಗುತ್ತದೆ. ಮಳೆ ಬಂದ ರಾತ್ರಿ ಹೆಂಚು ಸೋರುತ್ತದೆ. ರಾಗಿ ಮೂಟೆ ನೆನೆಯುತ್ತದೆ. ಕಂತಿನ ದಿನ ಕೈಯಲ್ಲಿ ದುಡ್ಡಿಲ್ಲದೆ ಬಡ್ಡಿಗೆ ಕೈ ಚಾಚುತ್ತೀವಿ. ಮುಂಚೆ ಒಂದು ಗಂಟೆಯಲ್ಲಿ ಆಗುತ್ತಿದ್ದ ಕೆಲಸ ಆಮೇಲೆ ಒಂದು ವಾರ ತಿನ್ನುತ್ತದೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ. ಗಾದೆ ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ.

ಕೂಗುವ ಮೊದಲೇ ಕೆಲಸ ಮಾಡೋದು. ಇವತ್ತಿನ ನಮ್ಮ ಮಾತೆಲ್ಲ ಇಷ್ಟೇ.

ಹುಳದ ಮನೆ ಹೇಳುವ ಪಾಠ

‘ಇದೆಲ್ಲ ಓದಿದವರಿಗೆ ಸರಿ, ನಮಗೆ ಎಲ್ಲಿ ಬರುತ್ತೆ’ ಎಂದು ನೀವು ಅನ್ನಬಹುದು. ಇಲ್ಲ ತಾಯಿ. ಇದು ನಿಮಗೆ ಆಗಲೇ ಬರುತ್ತದೆ. ನಮಗಿಂತ ಚೆನ್ನಾಗಿ ಬರುತ್ತದೆ. ರೇಷ್ಮೆ ಹುಳ ಸಾಕುವವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿ ನೋಡೋಣ. ಅರ್ಧಕ್ಕಿಂತ ಹೆಚ್ಚು ಜನ.

ರಾಮನಗರ, ಮಂಡ್ಯ, ಕೋಲಾರ, ಚಿಕ್ಕಬಳ್ಳಾಪುರ ಸೀಮೆಯ ಹೆಂಗಸರಿಗೆ ಹುಳದ ಲೆಕ್ಕ ಬೆರಳ ತುದಿಯಲ್ಲಿ ಇರುತ್ತದೆ. ಮೊಟ್ಟೆ ಒಡೆದ ದಿನದಿಂದ ಹುಳ ಹಣ್ಣಾಗುವವರೆಗೆ ಸುಮಾರು 25 ದಿನ. ನಡುವೆ ನಾಲ್ಕು ಜ್ವರ. ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕಬಾರದು. ಎಲ್ಲ ಎದ್ದ ಮೇಲೆ ಹಾಕಬೇಕು. ಒದ್ದೆ ಸೊಪ್ಪು ಆಗದು. ನಾಲ್ಕನೇ ಜ್ವರ ಎದ್ದ ಮೇಲೆ ಹುಳದ ಹಸಿವು ಹಸಿವಲ್ಲ. ಹುಳ ತನ್ನ ಬಾಳಿನಲ್ಲಿ ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ಆ ಕೊನೆಯ ಒಂದು ವಾರದಲ್ಲೇ ತಿನ್ನುತ್ತದೆ.

ಆ ವಾರ ಬಂದಾಗ ನೀವು ‘ಅಯ್ಯೋ, ಸೊಪ್ಪು ಎಲ್ಲಿ?’ ಎಂದು ಹುಡುಕುತ್ತೀರಾ? ಇಲ್ಲ. ತೋಟ ಕಟಾವು ಮಾಡಿದ ದಿನದಿಂದ ಎಣಿಸಿ, ಸೊಪ್ಪು ಬಲಿಯೋ ಹೊತ್ತಿಗೆ ಸರಿಯಾಗಿ ಚಾಕಿ ಹುಳಕ್ಕೆ ಹೇಳಿರುತ್ತೀರಿ. ಹುಳ ಬರುವ ಮುಂಚೆಯೇ ಮನೆ ತೊಳೆದು, ಬ್ಲೀಚಿಂಗ್ ಪುಡಿ ನೀರು ಹೊಡೆದಿರುತ್ತೀರಿ. ರೋಗ ಬಂದ ಮೇಲೆ ತೊಳೆದರೆ ಏನು ಬಂತು? ಹುಳ ಹಣ್ಣಾಗುವ ಮುಂಚೆಯೇ ಚಂದ್ರಿಕೆ ತಂದು, ಬಿಸಿಲಿಗೆ ಹಾಕಿ ಇಟ್ಟಿರುತ್ತೀರಿ. ಹುಳ ಹಣ್ಣಾದ ಮೇಲೆ ಚಂದ್ರಿಕೆ ಹುಡುಕಲು ಹೋದರೆ ನೂಲು ತಟ್ಟೆಯಲ್ಲೇ ಹಾಳು.

ಇದನ್ನೇ ಮುಂದಾಲೋಚನೆ ಅನ್ನೋದು. ಹುಳ ನಮಗಾಗಿ ಕಾಯೋದಿಲ್ಲ ಎಂದು ನಮಗೆ ಗೊತ್ತು. ಅದಕ್ಕೇ ನಾವು ಹುಳಕ್ಕಿಂತ ಎರಡು ದಿನ ಮುಂದೆ ಇರುತ್ತೀವಿ.

ಹುಳದ ಮನೆಯಲ್ಲಿ ಇಷ್ಟು ಜಾಣರಾದ ನಾವು ನಮ್ಮ ಮನೆಯ ಮಿಕ್ಕ ಕೆಲಸದಲ್ಲಿ ಯಾಕೆ ಹಿಂದೆ ಬೀಳುತ್ತೀವಿ? ಹುಳ ಕೆಟ್ಟರೆ ದುಡ್ಡು ಹೋಗುತ್ತದೆ, ಅದು ಕಣ್ಣಿಗೆ ಕಾಣುತ್ತದೆ. ಮಿಕ್ಕದ್ದರ ನಷ್ಟ ಬೇಗ ಕಾಣೋದಿಲ್ಲ.

ಆ ಒಂದು ವಾರ, ಮಗಳ ಹಾಜರಿ

ಕಾಣದ ನಷ್ಟ ಒಂದನ್ನು ನಾವು ಶಾಲೆಯಲ್ಲಿ ನೋಡುತ್ತೀವಿ. ಅದನ್ನು ಇಲ್ಲಿ ಹೇಳಲೇಬೇಕು.

ಊರಲ್ಲಿ ಹುಳ ಹಣ್ಣಾಗುವ ವಾರ ಬಂತು ಅನ್ನಿ. ಹಾಜರಿ ಪುಸ್ತಕ ತೆಗೆದರೆ ನಮಗೆ ಗೊತ್ತಾಗುತ್ತದೆ. ಆರನೇ ಕ್ಲಾಸು, ಏಳನೇ ಕ್ಲಾಸಿನ ಹೆಣ್ಣುಮಕ್ಕಳು ಇಲ್ಲ. ಗಂಡುಮಕ್ಕಳು ಇದ್ದಾರೆ. ಮನೆಗೆ ಹೋಗಿ ಕೇಳಿದರೆ, ‘ಏನು ಮಾಡೋದು ಮೇಡಂ, ಸೊಪ್ಪು ತರಬೇಕು, ಹುಳ ಬಿಡಬೇಕು. ಆಳು ಸಿಗಲಿಲ್ಲ’ ಎನ್ನುತ್ತಾರೆ.

ಆಳು ಸಿಗಲಿಲ್ಲ, ನಿಜ. ಆದರೆ ಆ ವಾರ ಬರುತ್ತದೆ ಎಂದು 25 ದಿನ ಮುಂಚೆ ನಮಗೆ ಗೊತ್ತಿತ್ತು. ಸೊಪ್ಪಿನ ಲೆಕ್ಕ ಹಾಕಿದೆವು. ಚಂದ್ರಿಕೆಯ ಲೆಕ್ಕ ಹಾಕಿದೆವು. ಕೈಗಳ ಲೆಕ್ಕ ಹಾಕಲಿಲ್ಲ. ಹಾಕದೆ ಬಿಟ್ಟ ಆ ಲೆಕ್ಕವನ್ನು ಮಗಳು ತೀರಿಸುತ್ತಾಳೆ.

ವರ್ಷಕ್ಕೆ ನಾಲ್ಕು ಐದು ಬೆಳೆ ತೆಗೆಯುವ ಮನೆ ಎಂದುಕೊಳ್ಳಿ. ಒಂದೊಂದು ಬೆಳೆಗೆ ಒಂದು ವಾರ ಶಾಲೆ ತಪ್ಪಿದರೆ, ವರ್ಷಕ್ಕೆ ಎಷ್ಟು ವಾರ? ಅಷ್ಟು ಪಾಠ ತಪ್ಪಿದ ಹುಡುಗಿಗೆ ಲೆಕ್ಕ ಅರ್ಥವಾಗೋದಿಲ್ಲ. ‘ನನಗೆ ಓದು ಹತ್ತೋದಿಲ್ಲ’ ಎನ್ನುತ್ತಾಳೆ. ಶಾಲೆ ಬಿಡುತ್ತಾಳೆ. ಮೂವತ್ತು ನಲವತ್ತರಲ್ಲಿ ಅಕ್ಷರ ಕಲಿಯೋದು ಎಷ್ಟು ಕಷ್ಟ ಎಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಮ್ಮ ಮಗಳೂ ಮುಂದೆ ಇದೇ ಚಾಪೆಯ ಮೇಲೆ ಕೂತು ಕಲಿಯಬೇಕೆ?

ಇದಕ್ಕೆ ದಾರಿ ಇದೆ. ಅದೂ ಹೊಸದಲ್ಲ. ಮುಯ್ಯಾಳು. ನಮ್ಮ ಅಜ್ಜಿಯರ ಕಾಲದ್ದು. ನಾಟಿಗೆ, ಕೊಯ್ಲಿಗೆ ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಹುಳಕ್ಕೂ ಹಾಗೇ ಮಾಡಬಹುದು. ಚಾಕಿ ಹುಳ ತರುವ ದಿನವೇ ಪಕ್ಕದ ಮನೆಯವರ ಜೊತೆ ಮಾತಾಡಿ. ‘ಅಕ್ಕ, ನಿಮ್ಮ ಹುಳ ಯಾವತ್ತು ಹಣ್ಣಾಗುತ್ತೆ? ನಮ್ಮದು ಇಪ್ಪತ್ತನೇ ತಾರೀಕು. ಆವತ್ತು ನೀವು ಇಬ್ಬರು ಬನ್ನಿ. ನಿಮ್ಮದಕ್ಕೆ ನಾವು ಬರ್ತೀವಿ.’ ಎರಡು ಮನೆಯ ಹುಳ ಒಂದೇ ದಿನ ಹಣ್ಣಾಗದಂತೆ ನಾಲ್ಕು ದಿನ ಹಿಂದೆ ಮುಂದೆ ತರಿಸಿಕೊಂಡರೆ ಇನ್ನೂ ಒಳ್ಳೆಯದು. ಐದು ನಿಮಿಷದ ಮಾತು. ಒಂದು ವಾರದ ಶಾಲೆ ಉಳಿಯುತ್ತದೆ.

ಹಸುವಿನ ತಾರೀಕು

ಈಗ ಕೊಟ್ಟಿಗೆಗೆ ಬರೋಣ. ಹಸು ಇರುವವರು ಕೇಳಿ.

ಹಸು ಬೆದೆಗೆ ಬರೋದು ಸುಮಾರು 21 ದಿನಕ್ಕೆ ಒಂದು ಸಲ. ಬಂದರೂ ಹೆಚ್ಚು ಹೊತ್ತು ಇರೋದಿಲ್ಲ. ಒಂದು ದಿನದೊಳಗೆ ಮುಗಿಯುತ್ತದೆ. ಕೆಲವು ಹಸು ಕೂಗುತ್ತವೆ. ಕೆಲವು ಕೂಗೋದೇ ಇಲ್ಲ. ಲೋಳೆ ಕಾಣುತ್ತದೆ, ಮೇವು ಬಿಡುತ್ತದೆ, ಅಷ್ಟೇ. ಇದಕ್ಕೆ ಮೂಕ ಬೆದೆ ಎನ್ನುತ್ತಾರೆ. ಎಮ್ಮೆಗಳಲ್ಲಂತೂ ಇದು ಹೆಚ್ಚು.

ಆ ದಿನ ತಪ್ಪಿದರೆ ಇನ್ನು 21 ದಿನ ಕಾಯಬೇಕು. ಅಷ್ಟು ದಿನದ ಹುಲ್ಲು, ಹಿಂಡಿ, ಬೂಸಾ ಖರ್ಚು ಹೋಯಿತು. ಕರು ಹಿಂದೆ ಬಿತ್ತು. ಡೇರಿಗೆ ಹಾಕುವ ಹಾಲೂ ಹಿಂದೆ ಬಿತ್ತು. ಎರಡು ಸಲ ತಪ್ಪಿದರೆ ನೀವೇ ಲೆಕ್ಕ ಹಾಕಿ.

ಇಲ್ಲಿ ನೀವು ಕಲಿತ ಅಕ್ಷರ ಕೆಲಸಕ್ಕೆ ಬರುತ್ತದೆ. ಹಸು ಬೆದೆಗೆ ಬಂದ ದಿನ ಕ್ಯಾಲೆಂಡರಿನಲ್ಲಿ ‘ಬೆ’ ಎಂದು ಬರೆಯಿರಿ. 21 ದಿನ ಅಂದರೆ ಸರಿಯಾಗಿ ಮೂರು ವಾರ. ಸೋಮವಾರ ಬರೆದರೆ, ಅಲ್ಲಿಂದ ಮೂರು ಸೋಮವಾರ ಕೆಳಗೆ ಬನ್ನಿ. ಅಲ್ಲೊಂದು ಸೊನ್ನೆ ಹಾಕಿ. ಆ ಸೊನ್ನೆಯ ಹಿಂದೆ ಮುಂದೆ ಎರಡು ಮೂರು ದಿನ ಹಸುವಿನ ಮೇಲೆ ಕಣ್ಣಿಡಿ. ಬೆಳಿಗ್ಗೆ ಬೆದೆ ಕಂಡರೆ ಆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಬೇಕು. ಅದಕ್ಕೆ ಮೊದಲೇ ಪಶು ಆಸ್ಪತ್ರೆಯವರ ಫೋನ್ ನಂಬರು ಗೋಡೆ ಮೇಲೆ ಬರೆದಿಡಿ.

ಒಂದು ಅಕ್ಷರ, ಒಂದು ಸೊನ್ನೆ. ಅದು 21 ದಿನದ ಮೇವು ಉಳಿಸುತ್ತದೆ.

ಮೂರು ಸಾಲಿನ ಚೀಟಿ

ತಾರೀಕಿಗೆ ಕ್ಯಾಲೆಂಡರ್ ಆಯಿತು. ದಿನದ ಕೆಲಸಕ್ಕೆ ಏನು ಮಾಡೋಣ? ಅದಕ್ಕೆ ಒಂದು ಚೀಟಿ ಸಾಕು. ಮಕ್ಕಳ ಹಳೇ ನೋಟ್ ಬುಕ್ಕಿನ ಅರ್ಧ ಹಾಳೆ ಆದರೂ ಸರಿ.

ರಾತ್ರಿ ಮಲಗುವ ಮುಂಚೆ ಚೀಟಿಯಲ್ಲಿ ಮೂರೇ ಸಾಲು ಬರೆಯಿರಿ. ಆದರೆ ಒಂದು ಕಟ್ಟು. ಕೂಗುವ ಕೆಲಸ ಬರೆಯಬೇಡಿ. ‘ಅಡುಗೆ ಮಾಡಬೇಕು’ ಎಂದು ಬರೆಯೋದು ಯಾಕೆ? ಹೊಟ್ಟೆಯೇ ಹೇಳುತ್ತದೆ. ಕೂಗದ ಕೆಲಸ ಮಾತ್ರ ಬರೆಯಿರಿ. ಹೀಗೆ.

1. ಹೆಂಚು ಎಷ್ಟು ಒಡೆದಿದೆ, ಎಣಿಸಬೇಕು.
2. ಕಂತಿಗೆ 100 ರೂಪಾಯಿ ಡಬ್ಬಿಗೆ ಹಾಕಬೇಕು.
3. ಪಕ್ಕದ ಮನೆ ಅಕ್ಕನ ಹತ್ತಿರ ಮುಯ್ಯಾಳು ಮಾತು.

ಮೂರರಲ್ಲಿ ಒಂದು ಆದರೂ ಸಂತೋಷ. ಆದದ್ದಕ್ಕೆ ಗೀಟು ಹಾಕಿ. ಆಗದ್ದನ್ನು ನಾಳೆಯ ಚೀಟಿಗೆ ಬರೆಯಿರಿ. ಒಂದೇ ಕೆಲಸ ನಾಲ್ಕು ದಿನ ಚೀಟಿಯಲ್ಲೇ ಉಳಿದರೆ, ಐದನೇ ದಿನ ಬೆಳಿಗ್ಗೆ ಎಲ್ಲಕ್ಕಿಂತ ಮೊದಲು ಅದನ್ನೇ ಮಾಡಿ. ನಾಳೆ ಎಂದವನ ಮನೆ ಹಾಳು ಅಂತಾರಲ್ಲ.

ಚೀಟಿಯಿಂದ ಇನ್ನೊಂದು ಲಾಭ. ಎಲ್ಲವನ್ನೂ ತಲೆಯಲ್ಲಿ ಹೊತ್ತುಕೊಂಡು ತಿರುಗಿದರೆ ತಲೆ ಭಾರ. ರಾತ್ರಿ ನಿದ್ದೆಯಲ್ಲೂ ‘ಏನೋ ಮರೆತೆ, ಏನೋ ಮರೆತೆ’ ಎನ್ನಿಸುತ್ತದೆ. ಬರೆದಿಟ್ಟರೆ ಹಾಳೆ ನೆನಪಿಟ್ಟುಕೊಳ್ಳುತ್ತದೆ. ನಾವು ನಿದ್ದೆ ಮಾಡಬಹುದು.

ಪೇಟೆಗೆ ಒಂದೇ ಸಲ

2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ ದುಡ್ಡಿಲ್ಲ. ಒಳ್ಳೆಯದು. ಆದರೆ ದುಡ್ಡು ಹೋಗದಿದ್ದರೂ ದಿನ ಹೋಗುತ್ತದೆ. ಬ್ಯಾಂಕಿಗೆ ಒಂದು ದಿನ, ನಾಡಕಚೇರಿಗೆ ಒಂದು ದಿನ, ‘ಜೆರಾಕ್ಸ್ ತಂದಿಲ್ಲ, ನಾಳೆ ಬಾ’ ಎಂದರೆ ಮತ್ತೊಂದು ದಿನ. ಮೂರು ದಿನದ ಕೂಲಿ ಹೋಯಿತು.

ಪೇಟೆಗೆ ಹೋಗುವ ಮುಂಚೆಯೂ ಚೀಟಿ ಬರೆಯಿರಿ. ಎಡಗಡೆ ಕೆಲಸ, ಬಲಗಡೆ ಅದಕ್ಕೆ ಬೇಕಾದ ಕಾಗದ. ಆಧಾರ್, ಪಾಸ್ ಬುಕ್ಕು, ರೇಷನ್ ಕಾರ್ಡು, ಎರಡು ಫೋಟೋ, ಎಲ್ಲದರ ಎರಡು ಜೆರಾಕ್ಸ್ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಪೆಟ್ಟಿಗೆಯಲ್ಲಿ ಇಡಿ. ಹೊರಡುವಾಗ ಹುಡುಕಬೇಕಾಗಿಲ್ಲ. ತಿಂಗಳ ಎರಡನೇ ಶನಿವಾರ, ನಾಲ್ಕನೇ ಶನಿವಾರ ಬ್ಯಾಂಕು ಇರೋದಿಲ್ಲ. ಅಂದು ಸರ್ಕಾರಿ ಕಚೇರಿಯೂ ಇರೋದಿಲ್ಲ. ಕ್ಯಾಲೆಂಡರ್ ನೋಡಿ ಹೊರಡಿ. ಪಕ್ಕದ ಮನೆಯವರ ಕೆಲಸ ಏನಾದರೂ ಇದೆಯಾ ಕೇಳಿ. ಇವತ್ತು ಅವರದ್ದು ನಾವು ಮಾಡಿದರೆ, ಇನ್ನೊಂದು ದಿನ ನಮ್ಮದು ಅವರು ಮಾಡುತ್ತಾರೆ.

ಕೆಲಸ ಹಂಚಬೇಕು

ಇಷ್ಟೆಲ್ಲ ಜಾಣತನ ಮಾಡಿ ಉಳಿಸಿದ ಹೊತ್ತಿಗೆ ಮತ್ತಷ್ಟು ಕೆಲಸ ತುಂಬಿಕೊಂಡರೆ ಏನು ಬಂತು? ಆ 201 ನಿಮಿಷ ನೆನಪಿದೆಯಲ್ಲ? ಅದನ್ನು ನಾವೊಬ್ಬರೇ ಬೇಗ ಬೇಗ ಮಾಡಿ ಕಡಿಮೆ ಮಾಡೋಕೆ ಆಗೋದಿಲ್ಲ. ಹಂಚಿಕೊಂಡರೆ ಮಾತ್ರ ಕಡಿಮೆ ಆಗುತ್ತದೆ.

ಜಗಳ ಮಾಡಿ ಎಂದು ನಾವು ಹೇಳೋದಿಲ್ಲ. ‘ನೀವು ಏನೂ ಮಾಡೋದಿಲ್ಲ’ ಎಂದರೆ ಗಂಡಸರಿಗೆ ಸಿಟ್ಟು ಬರುತ್ತದೆ, ಕೆಲಸ ಆಗೋದಿಲ್ಲ. ಒಂದು ಕೆಲಸದ ಹೆಸರು ಹೇಳಿ ಕೇಳಿ. ‘ಏನೂಂದ್ರೆ, ಸೋಮವಾರ, ಬುಧವಾರ, ಶುಕ್ರವಾರ ಸಂಜೆ ನನಗೆ ಕ್ಲಾಸಿದೆ. ಆವತ್ತು ಡೇರಿಗೆ ಹಾಲು ನೀವು ಹಾಕಿ ಬನ್ನಿ.’ ದಿನ ಯಾವುದು, ಕೆಲಸ ಯಾವುದು, ಎರಡೂ ಗೊತ್ತಾಯಿತು. ಹೀಗೆ ಕೇಳಿದರೆ ಇಲ್ಲ ಅನ್ನೋದು ಕಷ್ಟ.

ಅತ್ತೆಯವರ ಹತ್ತಿರವೂ ಹಾಗೇ. ‘ಅತ್ತೆ, ಕ್ಲಾಸಿನಿಂದ ಬಂದು ಮುದ್ದೆ ನಾನೇ ತಿರುವುತೀನಿ. ಅಲ್ಲಿವರೆಗೂ ಮಗೂನ ನೋಡ್ಕೊಳ್ಳಿ.’ ಮಗನಿಗೂ ಕೆಲಸ ಕೊಡಿ. ಹತ್ತು ವರ್ಷದ ಹುಡುಗ ಲೋಟ ತೊಳೆದರೆ, ಕಸ ಗುಡಿಸಿದರೆ ಕೈ ಸವೆಯೋದಿಲ್ಲ. ಮಗಳಿಗೆ ಎಷ್ಟು ಕೆಲಸವೋ ಮಗನಿಗೂ ಅಷ್ಟೇ. ಮಗಳಿಗೆ ಎಷ್ಟು ಓದೋ ಮಗನಿಗೂ ಅಷ್ಟೇ.

ನಮ್ಮ ಮೈ ಕೂಗೋದಿಲ್ಲ

ಕೂಗದ ಕೆಲಸಗಳಲ್ಲಿ ಎಲ್ಲಕ್ಕಿಂತ ಹಿಂದೆ ಉಳಿಯುವುದು ನಮ್ಮ ಮೈ. ಸುಸ್ತು, ತಲೆಸುತ್ತು, ಉಬ್ಬಸ. ‘ಹುಳ ಮುಗೀಲಿ, ನೋಡೋಣ.’ ‘ಹಬ್ಬ ಮುಗೀಲಿ, ನೋಡೋಣ.’ ಹುಳ ಮುಗಿಯುತ್ತದೆ, ಇನ್ನೊಂದು ಬೆಳೆ ಬರುತ್ತದೆ.

ರಕ್ತದ ಒತ್ತಡ ಕೂಗೋದಿಲ್ಲ. ಸಕ್ಕರೆ ಕಾಯಿಲೆ ಮೊದಲು ಕೂಗೋದಿಲ್ಲ. ರಕ್ತಹೀನತೆ ನಿಧಾನವಾಗಿ ಬರುತ್ತದೆ. 30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿ.ಪಿ., ಸಕ್ಕರೆ ಪರೀಕ್ಷೆ ದುಡ್ಡಿಲ್ಲದೆ ಮಾಡುತ್ತಾರೆ. ಆಶಾ ಕಾರ್ಯಕರ್ತೆಯನ್ನು ಕೇಳಿ, ಒಂದು ದಿನ ಗೊತ್ತು ಮಾಡಿ. ಅದನ್ನೂ ಕ್ಯಾಲೆಂಡರಿನಲ್ಲಿ ಬರೆಯಿರಿ. ಹಸುವಿಗೆ ಒಂದು ತಾರೀಕು ಇದೆ. ಮನೆಯೊಡತಿಗೆ ಒಂದು ತಾರೀಕು ಬೇಡವೇ?

ಮನೆಯಲ್ಲಿ ಬಸುರಿ ಇದ್ದರೆ ಇದು ಇನ್ನೂ ಮುಖ್ಯ. ಮೂರು ತಿಂಗಳೊಳಗೆ ಹೆಸರು ಬರೆಸಿ. ಎಂಟನೇ ತಿಂಗಳಿಗೇ ಎಲ್ಲ ಗೊತ್ತು ಮಾಡಿಡಿ. ಯಾವ ಆಸ್ಪತ್ರೆ? ರಾತ್ರಿ ನೋವು ಬಂದರೆ 108ಕ್ಕೆ ಫೋನ್ ಮಾಡೋರು ಯಾರು? ಜೊತೆಗೆ ಹೋಗೋರು ಯಾರು? ಮನೆಯಲ್ಲಿ ಚಿಕ್ಕ ಮಕ್ಕಳನ್ನು ನೋಡೋರು ಯಾರು? ತಾಯಿ ಕಾರ್ಡು, ಬಟ್ಟೆ, ಸ್ವಲ್ಪ ದುಡ್ಡು ಒಂದು ಚೀಲದಲ್ಲಿ ಇಟ್ಟಿರಲಿ. ಆ ರಾತ್ರಿ ಯೋಚನೆ ಮಾಡೋಕೆ ಹೊತ್ತು ಇರೋದಿಲ್ಲ. ಅಲ್ಲಿ ತಡ ಆದರೆ ಹೋಗೋದು ಜೀವ.

ಅಂದುಕೊಂಡಂತೆ ಆಗದಿದ್ದರೆ

ನಾವು ಎಷ್ಟೇ ಲೆಕ್ಕ ಹಾಕಿದರೂ ಮಳೆ ತನ್ನಿಷ್ಟ ಬಂದಾಗ ಬರುತ್ತದೆ. ನೆಂಟರು ಹೇಳದೆ ಬರುತ್ತಾರೆ. ಮಗುವಿಗೆ ಜ್ವರ ಬರುತ್ತದೆ. ಆಗ ಚೀಟಿ ಕೆಟ್ಟಿತು ಎಂದು ಬೇಜಾರು ಬೇಡ. ಚೀಟಿ ನಮಗಾಗಿ ಇದೆ, ನಾವು ಚೀಟಿಗಾಗಿ ಇಲ್ಲ. ಮುಂಚೆಯೇ ನಾಲ್ಕು ಕೆಲಸ ಮುಗಿಸಿಟ್ಟಿದ್ದರೆ, ಕಷ್ಟ ಬಂದ ದಿನ ಕಷ್ಟ ಒಂದೇ ಇರುತ್ತದೆ. ಅದರ ಮೇಲೆ ಸೋರುವ ಹೆಂಚು, ಕಟ್ಟದ ಕಂತು ಇರೋದಿಲ್ಲ. ಮುಂದಾಗಿ ಯೋಚಿಸೋದರ ಲಾಭ ಅದೇ.

ಉಳಿದ ಹೊತ್ತಿನಲ್ಲಿ ಸ್ವಲ್ಪ ಕೂತುಕೊಳ್ಳಿ. ಎಲೆ ಅಡಿಕೆ ಹಾಕಿಕೊಂಡು ಮಾತಾಡಿ, ಇಲ್ಲವೇ ಈ ಪುಸ್ತಕದ ಒಂದು ಪುಟ ಓದಿ. ಅದು ಸೋಮಾರಿತನ ಅಲ್ಲ. ಅದು ನಾವು ದುಡಿದು ಗಳಿಸಿದ ಹೊತ್ತು.

ಈ ರಾತ್ರಿಯ ಕೆಲಸ

ಈಗ ಮನೆಗೆ ಹೋಗಿ ಮಲಗುವ ಮುಂಚೆ ಮೂರು ಸಾಲು ಬರೆಯಿರಿ. ಕಾಗುಣಿತ ತಪ್ಪಿದರೆ ತಪ್ಪಲಿ. ನಿಮಗೆ ಓದಲು ಬಂದರೆ ಸಾಕು. ಸೋಮವಾರ ಆ ಚೀಟಿ ತನ್ನಿ. ಯಾವ ಸಾಲಿಗೆ ಗೀಟು ಬಿದ್ದಿದೆ, ಯಾವುದಕ್ಕೆ ಬಿದ್ದಿಲ್ಲ, ಎಲ್ಲರೂ ಕೂತು ನೋಡೋಣ. ಮುಂದಿನ ಬೆಳೆಗೆ ಯಾರಿಗೆ ಯಾರು ಮುಯ್ಯಾಳು ಎಂದು ಇಲ್ಲೇ ಒಂದು ಪಟ್ಟಿ ಬರೆಯೋಣ. ಬರೆಯೋರು ನೀವೇ.



ಓದಿ, ಮಾತಾಡಿ

1. ನಿಮ್ಮ ಮನೆಯಲ್ಲಿ ಕೂಗದ ಕೆಲಸ ಯಾವುವು? ಎರಡು ಹೆಸರು ಬರೆಯಿರಿ.
2. ಕಳೆದ ಹುಳದ ಬೆಳೆಯಲ್ಲಿ ನಿಮ್ಮ ಮಗಳು ಎಷ್ಟು ದಿನ ಶಾಲೆ ತಪ್ಪಿಸಿದಳು? ಮಗ ಎಷ್ಟು ದಿನ?
3. ಇವತ್ತಿನ ತಾರೀಕು ಬರೆಯಿರಿ. ಅದಕ್ಕೆ 21 ದಿನ ಕೂಡಿಸಿ. ಯಾವ ವಾರ ಬಂತು?